ಮಗುವಾಗದ ಬಸಿರು

ಅರುಣಾ ಕಳಸದ ಹೈಸ್ಕೂಲಿನಲ್ಲಿ ವಿಜ್ಞಾನ ಟೀಚರ್. ಮನೆ ಸಂಸೆಯಲ್ಲಿ. ಬೆಳಿಗ್ಗೆ ಬಸ್ಸಿಗೆ ಹೋಗಿ, ಸಂಜೆ ಸಿಕ್ಕ ಜೀಪು ಹತ್ತಿ ಬರುತ್ತಿದ್ದಳು. ಗಂಡ ದೇವೇಂದ್ರನಿಗೆ ಊರಿನ ಮೇಲ್ಭಾಗದಲ್ಲಿ ಒಂದಿಷ್ಟು ಕಾಫಿ ತೋಟ, ಕೆಳಗೆ ಗದ್ದೆ. ಮದುವೆಯಾಗಿ ಮೂರನೇ ವರ್ಷಕ್ಕೆ, ೧೯೯೪ರ ಮಳೆಗಾಲದಲ್ಲಿ, ಅವಳು ಬಸುರಿಯಾದಳು.

ಮೊದಲಿನಿಂದಲೂ ವಾಂತಿ ವಿಪರೀತ. ಕುಡಿದ ನೀರೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಮೂರು ತಿಂಗಳಿಗೆಲ್ಲ ಹೊಟ್ಟೆ ಐದು ತಿಂಗಳಿನದರಷ್ಟು ಕಾಣತೊಡಗಿತು. ಅತ್ತೆ ರಂಗಮ್ಮ ನೋಡಿ, ಅವಳಿಯೇ ಇರಬೇಕು ಎಂದು ತೀರ್ಮಾನಿಸಿಬಿಟ್ಟಳು. ಅಟ್ಟದಿಂದ ಹಳೆಯ ತೊಟ್ಟಿಲು ಇಳಿಸಿ ತೊಳೆದಿಟ್ಟಳು. ಇನ್ನೊಂದಕ್ಕೆ ಆಚಾರಿಗೂ ಹೇಳಿ ಬಂದಳು. ಅರುಣಾಳಿಗೆ ಮಾತ್ರ ಏನೋ ಸರಿಯಿಲ್ಲ ಅನಿಸುತ್ತಿತ್ತು. ಆದರೆ ಚೊಚ್ಚಲ ಬಸಿರು, ಸರಿ ಅಂದರೆ ಹೇಗಿರುತ್ತದೆ ಎಂಬುದು ಅವಳಿಗೂ ಗೊತ್ತಿರಲಿಲ್ಲ.

ಆಗಸ್ಟ್ ಕೊನೆಯಲ್ಲಿ ಒಂಬತ್ತನೇ ತರಗತಿಗೆ ಜೀವಕೋಶದ ಪಾಠ ನಡೆದಿತ್ತು. ಒಂದು ಕೋಶ ಎರಡಾಗುವ ಚಿತ್ರವನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದಾಗ ಅವಳ ಕಾಲಿಗೆ ಬಿಸಿಯಾಗಿ ಏನೋ ಇಳಿದಂತಾಯಿತು. ಚಾಕ್‌ಪೀಸ್ ಕೆಳಗಿಟ್ಟು, ಚಿತ್ರ ಬರೆದುಕೊಳ್ಳಲು ಮಕ್ಕಳಿಗೆ ಹೇಳಿ, ಗೋಡೆ ಹಿಡಿದುಕೊಂಡು ಸ್ಟಾಫ್ ರೂಮಿನವರೆಗೆ ನಡೆದಳು. ಅಲ್ಲಿ ಕುರ್ಚಿಯ ಮೇಲೆ ಕೂತದ್ದಷ್ಟೇ ನೆನಪು. ಕಣ್ಣು ಬಿಟ್ಟಾಗ ಜೀಪು ಕುದುರೆಮುಖ ದಾಟಿ ಕಾರ್ಕಳದ ಕಡೆ ಇಳಿಯುತ್ತಿತ್ತು. ದೇವೇಂದ್ರ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಕಳಸದ ಡಾಕ್ಟರು ನೋಡಿ, ಇದು ಇಲ್ಲಿ ಆಗುವ ಕೆಲಸವಲ್ಲ, ತಡ ಮಾಡದೆ ಮಂಗಳೂರಿಗೆ ಹೋಗಿ ಎಂದಿದ್ದರಂತೆ.

ಮಂಗಳೂರಿನ ಆಸ್ಪತ್ರೆಯಲ್ಲಿ ಡಾಕ್ಟರ್ ಶಾಲಿನಿ ಸ್ಕ್ಯಾನ್ ಮಾಡಿ ಬಹಳ ಹೊತ್ತು ಪರದೆಯನ್ನೇ ನೋಡುತ್ತಿದ್ದರು. ಐವತ್ತರ ಆಸುಪಾಸಿನ, ಕಡಿಮೆ ಮಾತಿನ ಹೆಂಗಸು. ಅರುಣಾ ತಾನೇ ಕೇಳಿದಳು, ಮಗು ಹೇಗಿದೆ ಎಂದು.

“ಮಗು ಇಲ್ಲಮ್ಮ,” ಎಂದರು ಡಾಕ್ಟರು.

ಸತ್ತು ಹೋಗಿದೆಯೇ ಎಂದು ಅವಳು ಕೇಳಿದಳು. ಇಲ್ಲ, ಮೊದಲಿನಿಂದಲೂ ಇರಲೇ ಇಲ್ಲ ಎಂದರು. ಗರ್ಭಕೋಶದ ತುಂಬ ಇದ್ದದ್ದು ಸಣ್ಣ ಸಣ್ಣ ನೀರಗುಳ್ಳೆಗಳು, ದ್ರಾಕ್ಷಿ ಗೊಂಚಲಿನ ಹಾಗೆ. ಅದನ್ನು ಆ ದಿನವೇ ತೆಗೆದರು. ಎರಡು ಬಾಟಲಿ ರಕ್ತ ಕೊಡಬೇಕಾಯಿತು.

ಮರುದಿನ ಡಾಕ್ಟರು ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. ರೋಗಿ ವಿಜ್ಞಾನದ ಟೀಚರ್ ಎಂದು ತಿಳಿದದ್ದರಿಂದ ವಿವರವಾಗಿಯೇ ಹೇಳಿದರು. ಎಲ್ಲರೂ ಒಂದೇ ಒಂದು ಕೋಶದಿಂದ ಶುರುವಾಗುವವರು. ಅದು ಎರಡಾಗುತ್ತದೆ, ನಾಲ್ಕಾಗುತ್ತದೆ, ಹೀಗೇ ಹೆಚ್ಚುತ್ತ ಹೋಗುತ್ತದೆ. ಆದರೆ ಬರಿದೇ ಹೆಚ್ಚುವುದಿಲ್ಲ. ಒಂದು ಹಂತದಲ್ಲಿ ಕೆಲಸ ಹಂಚಿಕೊಳ್ಳುತ್ತವೆ. ಕೆಲವು ಮಗುವಾಗಲು ಹೊರಡುತ್ತವೆ. ಅವುಗಳಲ್ಲೇ ಮತ್ತೆ ಇದು ಚರ್ಮ, ಇದು ರಕ್ತ, ಇದು ನರ ಎಂದು ದಾರಿ ಬೇರೆಯಾಗುತ್ತದೆ. ಇನ್ನು ಕೆಲವು ಮಾಸು ಆಗುತ್ತವೆ. ತಾಯಿಯ ಗರ್ಭಕೋಶದ ಗೋಡೆ ಕೊರೆದು ಬೇರು ಬಿಟ್ಟು ಮಗುವಿಗೆ ಆಹಾರ ತರುವುದು ಮಾಸಿನ ಕೆಲಸ. ಕೊರೆಯುವ ಕೆಲಸವಾದರೂ ಅದಕ್ಕೊಂದು ಮಿತಿ ಇದೆ. ಎಷ್ಟು ಬೇಕೋ ಅಷ್ಟಾದ ಮೇಲೆ ನಿಲ್ಲುತ್ತದೆ.

“ನಿಮ್ಮಲ್ಲಿ ಮಗುವಾಗುವ ಕೋಶಗಳೇ ಹುಟ್ಟಲಿಲ್ಲ. ಎಲ್ಲಾ ಮಾಸಿನದ್ದೇ. ನಿಲ್ಲಿಸು ಅಂತ ಹೇಳುವವರು ಇಲ್ಲದ ಹಾಗಾಯ್ತು. ನಾವು ತೆಗ್ದದ್ದು ಕಣ್ಣಿಗೆ ಕಂಡದ್ದನ್ನು ಮಾತ್ರ. ಒಳಗೆ ನಾಲ್ಕು ಕೋಶ ಉಳಿದಿದ್ರೂ ಅವು ಪುನಃ ಹೆಚ್ಚಬಹುದು. ಹೆದರ್ಲಿಕ್ಕೆ ಇಲ್ಲ. ಬಿಡ್ಲಿಕ್ಕೂ ಇಲ್ಲ.”

ಬಿಡಬಾರದು ಎಂದರೆ ಏನು ಮಾಡಬೇಕು ಎಂದು ಅವಳು ಕೇಳಿದಳು. ಮಾಸಿನ ಕೋಶಗಳು ರಕ್ತಕ್ಕೆ ಒಂದು ಹಾರ್ಮೋನು ಬಿಡುತ್ತವೆ. ವಾರವಾರ ರಕ್ತ ಪರೀಕ್ಷೆ ಮಾಡಿಸಿ ಅದರ ಅಂಕಿ ಇಳಿಯುವುದನ್ನು ನೋಡಬೇಕು. ಪೂರ್ತಿ ಇಳಿದ ಮೇಲೂ ತಿಂಗಳಿಗೊಮ್ಮೆ ಬರಬೇಕು. ಒಂದು ವರ್ಷ ಬಸಿರು ನಿಲ್ಲಬಾರದು. ನಿಂತರೆ ಅದರ ಹಾರ್ಮೋನು ಯಾವುದು, ಇದರದ್ದು ಯಾವುದು ಎಂದು ತಿಳಿಯುವುದಿಲ್ಲ.

ತಾಯಿಯ ಕಡೆಯ ವರ್ಣತಂತುಗಳು ಹೇಗೋ ಕಳೆದುಹೋಗಿ, ತಂದೆಯ ಕಡೆಯವೇ ಎರಡುಪಟ್ಟಾದಾಗ ಹೀಗಾಗುತ್ತದೆ ಎಂದೂ ಡಾಕ್ಟರು ಹೇಳಿದ್ದರು. ಯಾರ ತಪ್ಪೂ ಅಲ್ಲ, ಸಾವಿರದಲ್ಲಿ ಒಬ್ಬರಿಗೆ ಆಗುವುದು. ಅರುಣಾ ಈ ಒಂದು ಮಾತನ್ನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಊರಿಗೆ ಬಂದ ಮೇಲೆ ನೆಂಟರು ಅವಳ ಜಾತಕ, ಅವಳು ಓಡಾಡಿದ ಬಸ್ಸು, ಅವಳು ತಿಂದದ್ದು ಎಲ್ಲವನ್ನೂ ಜರಡಿ ಹಿಡಿಯುತ್ತಿದ್ದಾಗ ಆ ಮಾತು ನಾಲಿಗೆಯ ತುದಿಗೆ ಬಂದದ್ದುಂಟು. ಹೇಳಿದರೆ ಬಾಯಿಗಳು ಮುಚ್ಚುತ್ತಿದ್ದವು. ಆದರೆ ದೇವೇಂದ್ರ ಜೀಪಿನಲ್ಲಿ ಅವಳ ತಲೆ ಹಿಡಿದು ಕೂತದ್ದು ಅವಳಿಗೆ ನೆನಪಿತ್ತು. ತನ್ನ ಮೇಲಿನ ತಪ್ಪನ್ನು ಅವನ ತಲೆಗೆ ಕಟ್ಟಿ ಆಗಬೇಕಾದದ್ದೇನೂ ಇಲ್ಲ ಎಂದುಕೊಂಡು ಸುಮ್ಮನಾದಳು.

ರಂಗಮ್ಮ ತೊಟ್ಟಿಲನ್ನು ತಿರುಗಿ ಅಟ್ಟಕ್ಕೆ ಹಾಕಿಸಿದಳು. ಬಾಣಂತಿಗೆ ಮಾಡುವಂತೆಯೇ ಸೊಸೆಗೆ ಎಣ್ಣೆ ನೀರು ಹಾಕಿ, ಕಾಳುಮೆಣಸಿನ ಸಾರು ಉಣ್ಣಿಸಿದಳು. ಏನಾಗಿತ್ತು ಎಂದು ಮಾತ್ರ ಒಂದು ಸಲವೂ ಕೇಳಲಿಲ್ಲ. ದ್ರಾಕ್ಷಿ ಗೊಂಚಲಿನ ಮಾತನ್ನು ಮಗ ಎತ್ತಿದ ದಿನ ತಟ್ಟೆ ಬಿಟ್ಟು ಎದ್ದು ಹಿತ್ತಲಿಗೆ ಹೋಗಿಬಿಟ್ಟಳು.

ಅರುಣಾ ವಾರಕ್ಕೊಂದು ದಿನ ರಜೆ ಹಾಕಿ ಮಂಗಳೂರಿಗೆ ಹೋಗಿ ರಕ್ತ ಕೊಟ್ಟು ಬರತೊಡಗಿದಳು. ಅಂಕಿ ಮೊದಲು ಭರದಿಂದ ಇಳಿಯಿತು. ದಸರೆಯ ಹೊತ್ತಿಗೆ ಲಕ್ಷಗಳಿಂದ ಸಾವಿರಕ್ಕೆ, ದೀಪಾವಳಿ ಕಳೆಯುವಾಗ ನೂರರ ಆಸುಪಾಸಿಗೆ ಬಂತು. ಆಮೇಲೆ ನಿಂತಿತು. ಒಂದು ವಾರ ಅಷ್ಟೇ, ಮುಂದಿನ ವಾರವೂ ಅಷ್ಟೇ. ಡಿಸೆಂಬರ್ ಶುರುವಿನಲ್ಲಿ ಮತ್ತೆ ಏರಿತು. ಡಾಕ್ಟರು ಎದೆಯ ಎಕ್ಸ್‌ರೇ ತೆಗೆಸಿ ನೋಡಿ, ಬೇರೆಲ್ಲೂ ಹರಡಿಲ್ಲ, ಆದರೆ ಇನ್ನು ಕಾಯುವ ಹಾಗಿಲ್ಲ, ಇಂಜೆಕ್ಷನ್ ಶುರು ಮಾಡಬೇಕು ಎಂದರು. ಒಂದು ವಾರ ವಾರ್ಡಿನಲ್ಲಿ, ಒಂದು ವಾರ ಮನೆಯಲ್ಲಿ, ಅಂಕಿ ಸೊನ್ನೆಯಾಗುವವರೆಗೆ.

ಅದು ಕಾಫಿ ಕೊಯ್ಲಿನ ಕಾಲ. ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಕಾಫಿಗೆ ಎಂದೂ ಇಲ್ಲದ ಬೆಲೆ ಬಂದ ವರ್ಷ. ದೊಡ್ಡ ಎಸ್ಟೇಟಿನವರು ಆಳುಗಳನ್ನು ಜೀಪಿನಲ್ಲಿ ಕರೆದೊಯ್ಯುತ್ತಿದ್ದರು. ಸಣ್ಣ ತೋಟದವರಿಗೆ ಮನೆಯವರ ಕೈಯೇ ಗತಿ. ಹಣ್ಣು ಗಿಡದಲ್ಲಿ ಕಪ್ಪಾಗತೊಡಗಿತ್ತು. ಇಂಥ ಹೊತ್ತಿನಲ್ಲಿ ಅರುಣಾ ಆಸ್ಪತ್ರೆಯ ಮಾತು ತೆಗೆದಾಗ ರಂಗಮ್ಮ ಖಂಡಿತ ಬೇಡ ಎಂದಳು. ಕಾಯಿಲೆ ಹೋಗಿದೆ, ಹುಡುಗಿ ಉಂಡು ತಿಂದು ಚೆನ್ನಾಗಿದ್ದಾಳೆ. ಹೀಗೆ ಚೆನ್ನಾಗಿರುವವರನ್ನು ಮಲಗಿಸಿ ವಿಷ ಚುಚ್ಚುವ ಆಸ್ಪತ್ರೆಗೆ ಹೋದವರು ತಿರುಗಿ ಬರುವುದಿಲ್ಲ. ಒಂದು ಮಗುವಾದರೆ ಎಲ್ಲ ತಾನೇ ಸರಿಹೋಗುತ್ತದೆ. ಇದು ಅವಳ ವಾದ. ದೇವೇಂದ್ರ ಅಮ್ಮನ ಮುಖ, ಹೆಂಡತಿಯ ಮುಖ ನೋಡಿ, ಕೊಯ್ಲು ಮುಗಿಯಲಿ, ಸಂಕ್ರಾಂತಿ ಕಳೆದ ಮೇಲೆ ಹೋದರಾಗದೇ ಎಂದು ಕೇಳಿದ.

ಅರುಣಾ ಅವನನ್ನು ಕಣದ ಬದಿಗೆ ಕರೆದುಕೊಂಡು ಹೋದಳು. ಹರಡಿದ ಕಾಫಿಯ ಮಧ್ಯೆ ನಿಂತು ಹೇಳಿದಳು:

“ನಾವು ಕಾಯ್ತೀವಿ ಅಂತ ಅವು ಕಾಯಲ್ಲ. ಇವತ್ತು ನೂರು ಇರೋದು ಸಂಕ್ರಾಂತಿಗೆ ಎಷ್ಟಾಗಿರ್ತದೆ? ಒಂದು ಎರಡಾಗಿ ಎರಡು ನಾಲ್ಕಾಗೋ ಲೆಕ್ಕ ನಾನೇ ಮಕ್ಕಳಿಗೆ ಮಾಡಿ ತೋರಿಸಿದೀನಿ. ನೀವು ಬಂದ್ರೆ ಒಟ್ಟಿಗೆ ಹೋಗಾಣ. ಬರ್ಲಿಕ್ಕೆ ಆಗ್ದಿದ್ರೆ ನಾನೊಬ್ಳೇ ಹೋಗ್ತೀನಿ. ಹೋಗೋದಂತೂ ಹೋಗೋದೇ.”

ದೇವೇಂದ್ರ ಮರುದಿನ ಬೆಳಿಗ್ಗೆ ಅವಳ ಚೀಲ ಹೊತ್ತುಕೊಂಡು ಬಸ್ಸಿನವರೆಗೆ ಬಂದ. ಭಾನುವಾರ ಬಂದು ನೋಡುತ್ತೇನೆ ಎಂದ. ಬಂದ ಕೂಡ. ಅವಳು ಹೊರಟಾಗ ರಂಗಮ್ಮ ಮಾತ್ರ ಒಳಗಿನಿಂದ ಹೊರಗೆ ಬಂದಿರಲಿಲ್ಲ.

ವಾರ್ಡಿನಲ್ಲಿ ಅವಳ ಪಕ್ಕದ ಮಂಚದಲ್ಲಿದ್ದವಳು ಕಲ್ಲಮ್ಮ. ಕೊಟ್ಟಿಗೆಹಾರದ ಹತ್ತಿರದ ಎಸ್ಟೇಟಿನ ಲೈನಿನವಳು, ಕೂಲಿಯವರ ಸಾಲುಮನೆಗಳಲ್ಲಿ ಇರುವವಳು. ಇನ್ನೂ ಇಪ್ಪತ್ತೆರಡು ತುಂಬಿರಲಿಲ್ಲ. ಮೂರು ವರ್ಷದ ಮಗಳೊಬ್ಬಳು ಮನೆಯಲ್ಲಿದ್ದಳು. ಎರಡನೆಯದು ಹೀಗಾಗಿತ್ತು. ಅವಳನ್ನು ಎಸ್ಟೇಟಿನ ಜೀಪಿನಲ್ಲಿ ತಂದು ಸೇರಿಸಿದ ಗಂಡ ಕುಮಾರ್ ಮೊದಲ ದಿನವೇ ಕೊಯ್ಲಿಗೆ ವಾಪಸು ಹೋಗಿದ್ದ. ಡಾಕ್ಟರು ಹೇಳಿದ್ದರಲ್ಲಿ ಅವಳಿಗೆ ಅರ್ಥವಾದದ್ದು ಇಂಜೆಕ್ಷನ್ ಹಾಕಿಸಿಕೊಳ್ಳಬೇಕು ಎಂಬುದು ಮಾತ್ರ.

ಒಂದು ಮಧ್ಯಾಹ್ನ ಅರುಣಾ ಅವಳಿಗೆ ತಿಳಿಯುವಂತೆ ಹೇಳಲು ಕೂತಳು. ಕಾಫಿ ಗಿಡದ ಬೊಡ್ಡೆಯಲ್ಲಿ ಕಂಬಚಿಗುರು ಬರುವುದಿಲ್ಲವೇ, ಹಾಗೆ ಇದು ಎಂದಳು. ಕಂಬಚಿಗುರೂ ಗಿಡದ್ದೇ. ಹೊರಗಿನಿಂದ ಬಂದದ್ದಲ್ಲ. ಆದರೆ ನೆಟ್ಟಗೆ ಮೇಲಕ್ಕೆ ಹೋಗುತ್ತದೆಯೇ ಹೊರತು ಅದರಲ್ಲಿ ಹಣ್ಣು ಬಿಡುವುದಿಲ್ಲ. ಗಿಡದ ಸಾರವನ್ನೆಲ್ಲ ಎಳೆದುಕೊಳ್ಳುತ್ತದೆ. ಒಂದು ಸಲ ಕಿತ್ತು ಬಿಟ್ಟರೆ ಸಾಕೇ ಎಂದು ಅರುಣಾ ಕೇಳಿದಳು. ಸಾಲದು, ಬುಡ ಉಳಿದರೆ ಮತ್ತೆ ಬರುತ್ತದೆ, ಅದಕ್ಕೇ ವರ್ಷದಲ್ಲಿ ಎಷ್ಟೋ ಸಲ ಮೇಸ್ತ್ರಿ ನಮ್ಮನ್ನು ಚಿಗುರು ತೆಗೆಯಲು ಕಳಿಸುವುದು ಎಂದಳು ಕಲ್ಲಮ್ಮ. ಆಮೇಲೆ ತನ್ನ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು.

ಇಂಜೆಕ್ಷನ್ ಹಾಕಿದ ನಾಲ್ಕೈದು ದಿನಕ್ಕೆ ಇಬ್ಬರಿಗೂ ಬಾಯಿಹುಣ್ಣಾಯಿತು. ತುಟಿ, ಕೆನ್ನೆಯ ಒಳಗು, ನಾಲಿಗೆ ಎಲ್ಲ ಕೆಂಪು. ಗಂಜಿಯೂ ಉರಿಯುತ್ತಿತ್ತು. ಅರುಣಾ ಡಾಕ್ಟರನ್ನು ಕೇಳಿ ತಿಳಿದುಕೊಂಡಳು. ಕೋಶ ಒಡೆದು ಎರಡಾಗಬೇಕಾದರೆ ತನ್ನ ಒಳಗಿನ ಬರಹವನ್ನು ಮೊದಲು ನಕಲು ಮಾಡಿಕೊಳ್ಳಬೇಕು. ಔಷಧಿ ಆ ನಕಲಿಗೆ ಬೇಕಾದ ಸಾಮಾನು ಸಿಗದಂತೆ ಮಾಡುತ್ತದೆ. ಹೆಚ್ಚು ಆತುರದಲ್ಲಿ ಹೆಚ್ಚುವ ಕೋಶ ಮೊದಲು ಸಾಯುತ್ತದೆ. ಬಾಯಿಯ ಒಳಗಿನ ಚರ್ಮ ದಿನವೂ ಸವೆದು ದಿನವೂ ಹುಟ್ಟುವಂಥದ್ದು, ಅದಕ್ಕೇ ಅದಕ್ಕೂ ಪೆಟ್ಟು. ಆದರೆ ಬಾಯಿಯ ಕೋಶಗಳು ಚೇತರಿಸಿಕೊಳ್ಳುತ್ತವೆ, ಅವುಗಳನ್ನು ಉಳಿಸಲು ಬೇರೆ ಮಾತ್ರೆಯೂ ಇದೆ. ಇದನ್ನು ಕೇಳಿದ ಮೇಲೆ ಉರಿ ಕಡಿಮೆಯಾಗಲಿಲ್ಲ, ಆದರೆ ಅರುಣಾಳಿಗೆ ಅದನ್ನು ತಡೆಯುವ ದಾರಿ ಸಿಕ್ಕಿತು. ಬಾಯಿ ಉರಿದಾಗಲೆಲ್ಲ, ಔಷಧಿ ಕೆಲಸ ಮಾಡುತ್ತಿದೆ ಎಂದುಕೊಂಡು ಗಂಜಿಯ ಲೋಟ ಪೂರ್ತಿ ಮುಗಿಸುತ್ತಿದ್ದಳು. ಕಲ್ಲಮ್ಮನೂ ಕಣ್ಣಲ್ಲಿ ನೀರು ಸುರಿಸುತ್ತ ಕುಡಿಯುತ್ತಿದ್ದಳು.

ಮನೆಗೆ ಹೋಗುವ ದಿನ ಕಲ್ಲಮ್ಮ, ಮುಂದಿನ ಸಲ ಮಗಳ ಫೋಟೋ ತರುತ್ತೇನೆ ಅಕ್ಕಾ ಎಂದು ಹೇಳಿ ಹೋದಳು.

ಮುಂದಿನ ಸಲ ಪಕ್ಕದ ಮಂಚಕ್ಕೆ ಬೇರೆ ಯಾರೋ ಬಂದರು. ಕಲ್ಲಮ್ಮ ಬರಲಿಲ್ಲ. ಒಂದೆರಡು ದಿನ ತಡವಾಗಿ ಬರಬಹುದೆಂದು ಅರುಣಾ ಬಾಗಿಲು ನೋಡುತ್ತಿದ್ದಳು. ಡಾಕ್ಟರು ಎಸ್ಟೇಟಿನ ಆಫೀಸಿಗೆ ಫೋನು ಮಾಡಿಸಿದರು. ಹೇಳುತ್ತೇವೆ ಎಂಬ ಉತ್ತರ ಬಂತು. ವಾರ ಮುಗಿದರೂ ಅವಳ ಸುಳಿವಿಲ್ಲ. ಇಂಥವರು ಅರ್ಧಕ್ಕೆ ನಿಲ್ಲಿಸಿದರೆ ಏನಾಗುತ್ತದೆ ಎಂದು ಅರುಣಾ ಕೇಳಿದಳು. ಔಷಧಿಗೆ ಸಾಯದೆ ಉಳಿದವು ರಕ್ತದಲ್ಲಿ ಹೋಗಿ ಶ್ವಾಸಕೋಶದಲ್ಲಿ ಕೂರುತ್ತವೆ, ಮಾಸಿನ ಕೋಶಕ್ಕೆ ಕೊರೆದು ಬೇರು ಬಿಡುವುದು ಎಲ್ಲಿ ಹೋದರೂ ಗೊತ್ತು ಎಂದರು ಡಾಕ್ಟರು. ಈಗ ಬಂದರೂ ಗುಣವಾಗುತ್ತದೆ, ತಡವಾದಷ್ಟೂ ಕಷ್ಟ ಎಂದೂ ಹೇಳಿದರು.

ಅರುಣಾ ಸಂಸೆಗೆ ಬಂದವಳೇ, ನಾಳೆ ಕೊಟ್ಟಿಗೆಹಾರಕ್ಕೆ ಹೋಗಬೇಕು ಎಂದಳು. ದೇವೇಂದ್ರ ಅವಳ ಊದಿದ ತುಟಿ ನೋಡಿ ತಲೆ ಆಡಿಸಿದ. ನಿನ್ನದೇ ನೆಟ್ಟಗಾಗಿಲ್ಲ, ಗುರುತಿಲ್ಲದವರ ಮನೆ ಹುಡುಕಿಕೊಂಡು ಯಾಕೆ ಮಾರಾಯ್ತಿ ಎಂದ. ಅವಳು ಎಲ್ಲವನ್ನೂ ಹೇಳಿದಳು: ಪಕ್ಕದ ಮಂಚ, ಮೂರು ವರ್ಷದ ಮಗಳು, ಕಂಬಚಿಗುರು, ಶ್ವಾಸಕೋಶ. ಒಲೆಯ ಮುಂದೆ ಕೂತಿದ್ದ ರಂಗಮ್ಮ ಕೇಳಿಸಿಕೊಳ್ಳುತ್ತಿದ್ದಳು. ಮಾತು ಮುಗಿದ ಮೇಲೆ ಬೆನ್ನು ತಿರುಗಿಸಿಯೇ ಹೇಳಿದಳು:

“ಒಬ್ಳೇ ಹೋಗೋದು ಬೇಡ. ನಾನೂ ಬರ್ತೀನಿ.”

ತಾಯಿಯ ಮಾತು ಕೇಳಿ ದೇವೇಂದ್ರ ಬೆಪ್ಪಾಗಿ ನಿಂತ.

ಕಳಸದಿಂದ ಕೊಟ್ಟಿಗೆಹಾರದ ಬಸ್ಸಿನಲ್ಲಿ ರಂಗಮ್ಮ ದಾರಿಯುದ್ದಕ್ಕೂ ಹೊರಗೆ ನೋಡುತ್ತಿದ್ದಳು. ಬಾಳೆಹೊಳೆ ದಾಟುವಾಗ ಮಾತ್ರ ಕಿಟಕಿಯಿಂದ ಮುಖ ತಿರುಗಿಸಿಕೊಂಡಳು. ಕೊಟ್ಟಿಗೆಹಾರದಲ್ಲಿ ಇಳಿದು, ಹೋಟೆಲಿನವರನ್ನು ಕೇಳಿ, ಎಸ್ಟೇಟಿನ ಒಳದಾರಿ ಹಿಡಿದು ನಡೆದರು. ಕೊಯ್ಲು ಇನ್ನೂ ನಡೆದಿತ್ತು. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರಿನ ಹುಳಿವಾಸನೆ ದಾರಿಯವರೆಗೂ ಬರುತ್ತಿತ್ತು. ಅದು ಅರ್ಧ ದಿನದ ಕೆಲಸದ ಶನಿವಾರ. ಲೈನಿನಲ್ಲಿ ಜನ ಇದ್ದರು.

ಕಲ್ಲಮ್ಮ ಬಾಗಿಲಲ್ಲಿ ಕೂತು ಮಗಳ ತಲೆ ಬಾಚುತ್ತಿದ್ದಳು. ಅರುಣಾಳನ್ನು ಕಂಡು ಎದ್ದು ನಿಂತಳು. ಮುಖದಲ್ಲಿ ಸಂತೋಷವೂ ಇತ್ತು, ಸಿಕ್ಕಿಬಿದ್ದಂತಹ ಸಂಕೋಚವೂ ಇತ್ತು. ಮಾತಾಡಲು ಹೋಗಿ ಕೆಮ್ಮಿದಳು. ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಸೆರಗು ತೆಗೆದಾಗ ಅದರ ಮೇಲಿನ ಕೆಂಪು ಕಲೆಯನ್ನು ಅರುಣಾ ನೋಡಿದಳು. ರಂಗಮ್ಮನೂ ನೋಡಿದಳು.

ಕುಮಾರ್ ಒಳಗಿಂದ ಬಂದ. ಅವನ ತಾಯಿ ಹುಚ್ಚಮ್ಮ ನೀರು ತಂದಿಟ್ಟಳು. ಅವರು ಕೆಟ್ಟವರಲ್ಲ, ಅವರಿಗೂ ಹೇಳಿಕೊಳ್ಳುವುದಿತ್ತು. ಆಸ್ಪತ್ರೆಯಿಂದ ಬಂದಾಗ ಹುಡುಗಿ ಬಾಯಿಹುಣ್ಣಾಗಿ ಅರೆಜೀವವಾಗಿದ್ದಳು. ಆಮೇಲೆ ಗುಣವಾಗಿ, ರಕ್ತಸ್ರಾವವೂ ನಿಂತು, ಕೊಯ್ಲಿಗೂ ಹೋದಳು. ಗುಣವಾದವಳನ್ನು ಮತ್ತೆ ಅದೇ ಗತಿಗೆ ಯಾಕೆ ಕಳಿಸಬೇಕು? ಮಗು ಅಮ್ಮನನ್ನು ಬಿಟ್ಟು ಊಟ ಮಾಡುವುದಿಲ್ಲ. ಕೊಯ್ಲಿನಲ್ಲಿ ಹಾಜರಿ ಬರೆಯುವ ರೈಟರು ರಜೆ ಕೊಡುವುದಿಲ್ಲ. ಕೆಮ್ಮು ಕಣದ ದೂಳಿಗೆ, ಚಳಿಗೆ ಬಂದದ್ದು; ಲೈನಿನಲ್ಲಿ ಎಲ್ಲರೂ ಕೆಮ್ಮುತ್ತಿದ್ದಾರೆ.

ಅರುಣಾ ತನಗೆ ತಿಳಿದಂತೆಲ್ಲ ಹೇಳಿದಳು. ಗುಣವಾದಂತೆ ಕಾಣುವುದೇ ಮೋಸ, ಒಳಗೆ ಅದು ಹೆಚ್ಚುತ್ತಲೇ ಇರುತ್ತದೆ, ಈ ಕೆಮ್ಮು ದೂಳಿನದಲ್ಲ ಎಂದಳು. ಕುಮಾರ್ ತಲೆ ತಗ್ಗಿಸಿ ಕೇಳಿದ, ಹ್ಞೂಂ ಎಂದ. ಕೊನೆಗೆ, ಕೊಯ್ಲು ಮುಗಿದ ತಕ್ಷಣ ಕರೆದುಕೊಂಡು ಹೋಗುತ್ತೇನಮ್ಮ ಎಂದ. ಅರುಣಾ ತನ್ನ ಮನೆಯಲ್ಲಿ ಗಂಡನ ಬಾಯಿಂದ ಕೇಳಿದ ಮಾತೇ ಅದು.

ಅಷ್ಟು ಹೊತ್ತು ಹೊರಗೆ ನಿಂತೇ ಇದ್ದ ರಂಗಮ್ಮ ಆಗ ಒಳಗೆ ಬಂದು ಹುಚ್ಚಮ್ಮನ ಪಕ್ಕ ಚಾಪೆಯ ಮೇಲೆ ಕೂತಳು.

“ನೋಡು ಹುಚ್ಚಮ್ಮ, ನಂಗೆ ಒಬ್ಬಳು ತಂಗಿ ಇದ್ಲು, ಸಿದ್ದಮ್ಮ ಅಂತ. ಬಾಳೆಹೊಳೆ ಕಡೆ ಕೊಟ್ಟಿತ್ತು. ಅವಳಿಗೂ ಹೀಗೇ ಹೊಟ್ಟೆ ಬಂದು, ಹೀಗೇ ಗೊಂಚಲು ಗೊಂಚಲು ಬಿತ್ತು. ದೆವ್ವದ ಬಸಿರು ಅಂತ ಹೇಳಿ ಯಾರಿಗೂ ಗೊತ್ತಾಗ್ದಂಗೆ ಹೂತು ಹಾಕಿದ್ರು. ನಾನೇ ನೀರು ಕಾಯಿಸಿ ಕೊಟ್ಟಿದ್ದು. ಆಮೇಲೆ ಎದ್ದು ಓಡಾಡಿದ್ಲು. ಗದ್ದೆ ನಾಟಿ ಮಾಡಿದ್ಲು. ನಾವೆಲ್ಲ ಗೆದ್ವು ಅಂದ್ಕೊಂಡ್ವಿ. ಆಮೇಲೆ ಕೆಮ್ಮು ಬಂತು. ಕೆಮ್ಮು ತಾನೇ ಅಂತ ಕಷಾಯ ಕೊಟ್ವಿ. ಸೆರಗಿನಲ್ಲಿ ರಕ್ತ ಮುಚ್ಚಿಟ್ಕೊಂಡು ಓಡಾಡ್ತಿದ್ಲು, ಈ ನಿನ್ ಸೊಸೆ ತರಾನೇ. ಉಸಿರು ಕಟ್ಟಿದ ದಿನ ಗಾಡೀಲಿ ಹಾಕ್ಕೊಂಡು ಆಸ್ಪತ್ರೆಗೆ ಹೋದ್ವಿ. ಹೆಣ ತಂದ್ವಿ.”

ಅವಳು ಸೊಸೆಯ ಕಡೆ ನೋಡಲಿಲ್ಲ.

“ಆಸ್ಪತ್ರೇನೇ ಕೊಂದಿದ್ದು ಅಂತ ಇಷ್ಟು ವರ್ಷ ನಂಬಿದ್ದೆ. ಇವಳನ್ನೂ ಹೋಗ್ಬೇಡ ಅಂದೆ. ಕೊಂದಿದ್ದು ಆಸ್ಪತ್ರೆ ಅಲ್ಲ ಹುಚ್ಚಮ್ಮ. ಕೊಯ್ಲಾಗ್ಲಿ, ನಾಟಿಯಾಗ್ಲಿ ಅಂತ ತಡ ಮಾಡಿದ್ದು ನಾವೇ.”

ಹುಚ್ಚಮ್ಮ ಸೊಸೆಯ ಹತ್ತಿರ ಹೋಗಿ ಸೆರಗಿನ ತುದಿ ಬಿಡಿಸಿ ನೋಡಿದಳು. ಎಷ್ಟು ದಿನದಿಂದ ಎಂದು ಮೆಲ್ಲಗೆ ಕೇಳಿದಳು. ಕಲ್ಲಮ್ಮ ಅಳತೊಡಗಿದಳು. ಒಂದು ವಾರದಿಂದ, ಹೇಳಿದರೆ ಮಗಳಿಂದ ದೂರ ಮಾಡುತ್ತೀರಿ ಎಂದು ಹೇಳಲಿಲ್ಲ ಎಂದಳು. ಹುಚ್ಚಮ್ಮ ಮಗನಿಗೆ, ರೈಟರ್ ಹತ್ತಿರ ಹೋಗಿ ಹೇಳಿ ಬಾ ಎಂದಳು. ರಜೆ ಕೊಡದಿದ್ದರೆ? ಕೊಡದಿದ್ದರೂ ಹೇಳಿ ಬಾ ಎಂದಳು. ಮೊಮ್ಮಗಳನ್ನು ಎತ್ತಿ ಸೊಂಟಕ್ಕಿಟ್ಟುಕೊಂಡಳು. ಮಗು ಗಲಾಟೆ ಮಾಡಿತು. ಅವಳು ಕೆಳಗಿಳಿಸಲಿಲ್ಲ.

ಅದೇ ಮಧ್ಯಾಹ್ನದ ಬಸ್ಸಿನಲ್ಲಿ ಕುಮಾರ್ ಹೆಂಡತಿಯನ್ನು ಕರೆದುಕೊಂಡು ಮಂಗಳೂರಿಗೆಂದು ಚಾರ್ಮಾಡಿ ಘಾಟಿ ಇಳಿದ. ರಂಗಮ್ಮ ಕೊಟ್ಟಿಗೆಹಾರದ ಅಂಗಡಿಯಲ್ಲಿ ಒಂದು ಪೊಟ್ಟಣ ಕಲ್ಲುಸಕ್ಕರೆ ಕೊಂಡು ಕಿಟಕಿಯಿಂದ ಕಲ್ಲಮ್ಮನ ಕೈಗಿಟ್ಟಳು. ಕಳಸದ ಬಸ್ಸಿಗೆ ಕಾಯುತ್ತಿದ್ದಾಗ ಅರುಣಾ ಅತ್ತೆಯನ್ನು, ಈ ವಿಷಯ ನನಗೆ ಯಾಕೆ ಮೊದಲೇ ಹೇಳಲಿಲ್ಲ ಎಂದು ಕೇಳಿದಳು. ನಿನ್ನನ್ನು ನೋಡಿದಾಗಲೆಲ್ಲ ಅವಳೇ ಕಾಣುತ್ತಿದ್ದಳು, ಹೇಳಿದರೆ ನಿನಗೂ ಹಾಗೇ ಆಗಿಬಿಡುತ್ತದೆ ಅನಿಸಿತು ಎಂದಳು ರಂಗಮ್ಮ. ಬಸ್ಸು ಬಂತು. ಸೀಟು ಒಂದೇ ಇತ್ತು. ರಂಗಮ್ಮ ಸೊಸೆಯನ್ನು ಕೂರಿಸಿ ತಾನು ಕಂಬಿ ಹಿಡಿದು ನಿಂತಳು.

ಮುಂದಿನ ಇಂಜೆಕ್ಷನ್‌ಗಳಿಗೆಲ್ಲ ರಂಗಮ್ಮ ಸೊಸೆಯ ಜೊತೆ ಮಂಗಳೂರಿಗೆ ಬಂದಳು. ಸೆಕೆಯನ್ನು ಬೈದುಕೊಳ್ಳುತ್ತ ವಾರ್ಡಿನ ನೆಲದಲ್ಲಿ ಮಲಗುತ್ತಿದ್ದಳು. ಇಬ್ಬರು ಹುಡುಗಿಯರಿಗೂ ಗಂಜಿ ಆರಿಸಿ ಕೊಡುತ್ತಿದ್ದಳು. ಕಲ್ಲಮ್ಮನ ಎಕ್ಸ್‌ರೇಯಲ್ಲಿ ಎರಡು ಕಡೆ ಬಿಳಿ ಮಚ್ಚೆ ಕಂಡಿತ್ತು. ಅವಳಿಗೆ ಒಂದೇ ಔಷಧಿ ಸಾಲದೆ ಮೂರು ಬಗೆಯದು ಕೊಟ್ಟರು. ಕೂದಲು ಉದುರಿತು. ಒಂದು ಹಂತದಲ್ಲಿ ಬಿಳಿ ರಕ್ತಕಣ ಇಳಿದು ಜ್ವರ ಬಂದು, ಅವಳು ಉಳಿಯುವುದಿಲ್ಲ ಎಂದೇ ಎಲ್ಲರಿಗೂ ಅನಿಸಿತ್ತು. ಅವಳು ಮಾತ್ರ ಜ್ವರ ಇಳಿದ ಬೆಳಿಗ್ಗೆ, ಮುಂದಿನ ಇಂಜೆಕ್ಷನ್ ಯಾವತ್ತು ಎಂದು ನರ್ಸನ್ನು ಕೇಳಿದಳು. ಆ ದಿನ ಡಾಕ್ಟರ್ ಶಾಲಿನಿ ನಕ್ಕದ್ದನ್ನು ಅರುಣಾ ಮೊದಲ ಸಲ ನೋಡಿದಳು.

ಅರುಣಾಳ ಅಂಕಿ ಮಾರ್ಚಿನಲ್ಲಿ, ಕಾಫಿ ಹೂವಾಗುವ ಹೊತ್ತಿಗೆ, ಸೊನ್ನೆಗೆ ಬಂತು. ಬಂದ ಮೇಲೂ ಡಾಕ್ಟರು ಇನ್ನೆರಡು ಸಲ ಇಂಜೆಕ್ಷನ್ ಹಾಕಿದರು. ಯಂತ್ರದ ಕಣ್ಣಿಗೆ ಕಾಣದಷ್ಟು ಕೋಶಗಳು ಇನ್ನೂ ಇರಬಹುದು ಎಂಬುದು ಕಾರಣ. ಕಲ್ಲಮ್ಮನದು ಜುಲೈವರೆಗೂ ಎಳೆಯಿತು. ಕೊನೆಗೆ ಅವಳದೂ ಇಳಿಯಿತು. ಎಕ್ಸ್‌ರೇಯ ಮಚ್ಚೆಗಳು ಕುಗ್ಗಿ ಮಾಸಿದವು.

ಜೂನಿನಲ್ಲಿ ಶಾಲೆ ಶುರುವಾದಾಗ ಅರುಣಾ ಮತ್ತೆ ಪಾಠಕ್ಕೆ ಹೋದಳು. ಕೋಶ ವಿಭಜನೆಯ ಪಾಠ ಬಂದಾಗ ಹಿಂದಿನ ಸಾಲಿನ ರೂಪಶ್ರೀ ಎಂಬ ಹುಡುಗಿ, ಕೋಶ ಒಡೆಯುತ್ತಲೇ ಹೋದರೆ ನಾವು ಯಾಕೆ ಬೆಳೆಯುತ್ತಲೇ ಹೋಗುವುದಿಲ್ಲ ಎಂದು ಕೇಳಿದಳು. ಪುಸ್ತಕದಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ಅರುಣಾ ಪುಸ್ತಕ ಮುಚ್ಚಿ ಹೇಳಿದಳು. ಕೋಶಕ್ಕೆ ಒಡೆಯುವುದು ಸುಲಭ, ನಿಲ್ಲುವುದನ್ನು ಕಲಿಯುವುದೇ ದೊಡ್ಡ ವಿಷಯ. ಪಕ್ಕದ ಕೋಶ ತಾಗಿದರೆ ಸಾಕು ಎಂದು ನಿಲ್ಲುತ್ತದೆ. ಒಡೆಯುವ ಮೊದಲು ತನ್ನ ನಕಲು ಸರಿಯಿದೆಯೇ ಎಂದು ನೋಡಿಕೊಳ್ಳುತ್ತದೆ; ಸರಿಯಿಲ್ಲದಿದ್ದರೆ ತಾನೇ ಸಾಯುತ್ತದೆ. ಹೃದಯದ ಕೋಶ ಬಡಿಯುವುದನ್ನು ಒಪ್ಪಿಕೊಂಡ ಮೇಲೆ ಬೇರೆಲ್ಲ ಆಗುವ ಆಸೆಯನ್ನು ಬಿಟ್ಟಿರುತ್ತದೆ. ಇಷ್ಟೆಲ್ಲ ಕೋಟಿ ಕೋಟಿ ಕೋಶಗಳಲ್ಲಿ ಪ್ರತಿ ದಿನವೂ ಸರಿಯಾಗಿ ನಡೆಯುವುದರಿಂದಲೇ ನೀನು ಇಲ್ಲಿ ಕೂತು ಪ್ರಶ್ನೆ ಕೇಳುತ್ತಿದ್ದೀಯ ಎಂದಳು. ಗಂಟೆ ಹೊಡೆದರೂ ಆ ತರಗತಿ ಏಳಲಿಲ್ಲ.

ಕಾಯಬೇಕಾದ ಒಂದು ವರ್ಷದಲ್ಲಿ ನೆಂಟರು ವಿಶೇಷ ಏನಾದರೂ ಇದೆಯೇ ಎಂದು ಕೇಳಿದಾಗ ರಂಗಮ್ಮನೇ ಅಡ್ಡ ಬರುತ್ತಿದ್ದಳು. ಡಾಕ್ಟರು ಹೇಳಿದ ತಿಂಗಳು ಬರುವವರೆಗೆ ನಮ್ಮ ಮನೆಯಲ್ಲಿ ಆ ಮಾತಿಲ್ಲ ಎಂದುಬಿಡುತ್ತಿದ್ದಳು. ದೇವೇಂದ್ರ ತಿಂಗಳಿಗೊಮ್ಮೆ ರಕ್ತ ಪರೀಕ್ಷೆಯ ದಿನ ತೋಟದ ಕೆಲಸ ಏನೇ ಇರಲಿ ಜೊತೆಗೆ ಬಂದ. ಒಂದು ಸಲ ಆಸ್ಪತ್ರೆಯ ಹೊರಗೆ ಕೂತಿದ್ದಾಗ, ಅದು ಯಾಕೆ ಹಾಗಾಯಿತು, ಯಾರ ಕಡೆಯಿಂದ ಎಂದು ತಡೆತಡೆದು ಕೇಳಿದ. ಯಾರ ಕಡೆಯಿಂದಲೂ ಅಲ್ಲ, ಮೊದಲ ಗಳಿಗೆಯಲ್ಲೇ ಆದ ಎಡವಟ್ಟು ಎಂದಳು ಅವಳು. ಅದು ಸುಳ್ಳಾಗಿರಲಿಲ್ಲ.

೧೯೯೭ರ ಫೆಬ್ರವರಿಯಲ್ಲಿ ಅದೇ ಆಸ್ಪತ್ರೆಯಲ್ಲಿ ಅರುಣಾಳಿಗೆ ಹೆಣ್ಣು ಮಗು ಹುಟ್ಟಿತು. ನರ್ಸು ಮಗುವನ್ನು ಬಟ್ಟೆಯಲ್ಲಿ ಸುತ್ತಿ ಹೊರಗೆ ತಂದಾಗ ರಂಗಮ್ಮ ಮೊದಲು ಕೇಳಿದ್ದು, ಮಾಸು ಪೂರ್ತಿ ಬಂತೇ ಎಂದು. ಬಂತು, ಪರೀಕ್ಷೆಗೂ ಕಳಿಸಿದ್ದೇವೆ ಎಂದ ಮೇಲೆಯೇ ಕೈ ಚಾಚಿದಳು. ಮಗುವಿನ ಬೆರಳು, ಉಗುರು, ಕಿವಿ, ರೆಪ್ಪೆ ಎಲ್ಲವನ್ನೂ ಒಂದೊಂದಾಗಿ ನೋಡಿದಳು. ಕಲ್ಲಮ್ಮ ಮಗಳನ್ನು ಕರೆದುಕೊಂಡು ಕೊಟ್ಟಿಗೆಹಾರದಿಂದ ನೋಡಲು ಬಂದಿದ್ದಳು. ಕೂದಲು ಮೊದಲಿಗಿಂತ ಗುಂಗುರಾಗಿ ಬೆಳೆದಿತ್ತು. ತನಗೆ ಇನ್ನು ಮಕ್ಕಳು ಬೇಡ, ಇದ್ದವಳನ್ನು ಓದಿಸುತ್ತೇನೆ ಎಂದಳು. ಎಸ್ಟೇಟಿನ ನರ್ಸರಿಯಲ್ಲಿ ಅವಳಿಗೆ ಹಗುರ ಕೆಲಸ ಸಿಕ್ಕಿತ್ತು. ಲೈನಿನಲ್ಲಿ ಯಾರಿಗಾದರೂ ಬಸಿರಿನಲ್ಲಿ ರಕ್ತ ಕಂಡರೆ ತಾನೇ ಹೊತ್ತುಕೊಂಡಾದರೂ ಆಸ್ಪತ್ರೆಗೆ ಸೇರಿಸುತ್ತೇನೆ ಎಂದು ಹೇಳಿದಳು. ಹಾಗೆ ಒಬ್ಬಳನ್ನು ಆಗಲೇ ಸೇರಿಸಿಯೂ ಇದ್ದಳು.

ಹೆರಿಗೆಯಾದ ಮೇಲೂ ಒಂದು ಸಲ ರಕ್ತ ಪರೀಕ್ಷೆ ಮಾಡಿಸಬೇಕು ಎಂದು ಡಾಕ್ಟರ್ ಶಾಲಿನಿ ಹೇಳಿ ಕಳಿಸಿದ್ದರು. ಬಾಣಂತನದ ಹೊತ್ತಿನಲ್ಲಿ ಘಾಟಿ ಇಳಿಯುವುದೇ ಎಂದು ಅಕ್ಕಪಕ್ಕದವರು ಕೇಳಿದರು. ರಂಗಮ್ಮ ಅದಕ್ಕೆ ಉತ್ತರ ಕೊಡುವ ಗೋಜಿಗೆ ಹೋಗದೆ ಮಗುವಿನ ಟೊಪ್ಪಿಗೆ, ಬಿಸಿನೀರಿನ ಫ್ಲಾಸ್ಕು ಚೀಲಕ್ಕೆ ಹಾಕಿದಳು. ಹೇಳಿದ ದಿನಕ್ಕೆ ಸರಿಯಾಗಿ ನಾಲ್ಕೂ ಜನ ಕಾರ್ಕಳದ ಬಸ್ಸು ಹತ್ತಿದರು. ಮಗು ದಾರಿಯುದ್ದಕ್ಕೂ ನಿದ್ದೆ ಮಾಡಿತು.